ಸ್ಟ್ಯಾಂಡ್‌ಬೈ ಬಿದ್ದಾಗ ಏನು ನೋಡಬೇಕು: ಜೋಡಿ ಪಿಎಲ್‌ಸಿಯ ದೋಷ ನಿವಾರಣೆ

ರಾತ್ರಿ ಶಿಫ್ಟ್‌ನಲ್ಲಿ ಫೋನ್ ಬರುತ್ತದೆ. "ಸರ್, ರಿಡಂಡೆನ್ಸಿ ಲಾಸ್ ಅಂತ ಅಲಾರಂ ಬಂದಿದೆ. ಪ್ಲಾಂಟ್‌ಗೆ ಏನೂ ತೊಂದರೆ ಇಲ್ಲ, ಓಡ್ತಾ ಇದೆ. ಬೆಳಿಗ್ಗೆ ನೋಡಿದ್ರೆ ಸಾಕಲ್ವಾ?"

ಸಾಕಾಗುವುದಿಲ್ಲ. ಪಿಎಲ್‌ಸಿ ಅಂದರೆ ಪ್ಲಾಂಟನ್ನು ನಡೆಸುವ ಕಂಟ್ರೋಲ್ ಕಂಪ್ಯೂಟರ್. ಜೋಡಿಯಲ್ಲಿ ಮಾಸ್ಟರ್ ಕೆಲಸ ಮಾಡುತ್ತದೆ, ಸ್ಟ್ಯಾಂಡ್‌ಬೈ ಅದು ಕೆಟ್ಟರೆ ಎತ್ತಿಕೊಳ್ಳಲು ಸಿದ್ಧವಾಗಿರುತ್ತದೆ. ರಿಡಂಡೆನ್ಸಿ ಲಾಸ್ ಅಂದರೆ ಆ ಜೋಡಿ ಮುರಿದಿದೆ. ಒಂಟಿ ಪಿಎಲ್‌ಸಿ ಕೆಟ್ಟರೆ ಪ್ಲಾಂಟ್ ನಿಲ್ಲುತ್ತದೆ, ಎಲ್ಲರೂ ಓಡಿ ಬರುತ್ತಾರೆ. ಜೋಡಿ ಪಿಎಲ್‌ಸಿಯಲ್ಲಿ ಒಂದು ಕೆಟ್ಟರೆ ಒಂದು ಕೆಂಪು ದೀಪ ಹತ್ತುತ್ತದೆ, ಅಷ್ಟೇ. ಆದರೆ ಆ ಗಳಿಗೆಯಿಂದ ನಿಮ್ಮದೂ ಒಂಟಿ ಪಿಎಲ್‌ಸಿಯೇ. ಎರಡನೇ ದೋಷ ಬಂದ ದಿನ ಬಾಯ್ಲರ್ ಟ್ರಿಪ್ ಆಗುತ್ತದೆ. ಆಗ ಮೊದಲನೇ ದೋಷ ಯಾವಾಗ ಬಂದಿತ್ತು ಅಂತ ಲಾಗ್ ತಿರುವಿದರೆ ಮೂರು ವಾರದ ಹಿಂದಿನ ತಾರೀಖು ಕಾಣುತ್ತದೆ. ನಾನು ಹೋಗಿ ನೋಡಿದ ಟ್ರಿಪ್‌ಗಳಲ್ಲಿ ಜಾಸ್ತಿ ಇಂಥವೇ.

ನನ್ನ ಕೆಲಸ ಸಕ್ಕರೆ ಕಾರ್ಖಾನೆಗಳ ಕೋಜನ್ (ಹಬೆ, ವಿದ್ಯುತ್ ಎರಡನ್ನೂ ಕೊಡುವ) ಬಾಯ್ಲರ್‌ಗಳ ಇನ್‌ಸ್ಟ್ರುಮೆಂಟೇಶನ್, ಅಂದರೆ ಅಳತೆ ಮತ್ತು ನಿಯಂತ್ರಣದ ಸಾಧನಗಳು. ಕಬ್ಬು ಅರೆಯುವ ಸೀಸನ್‌ನಲ್ಲಿ ಬಾಯ್ಲರ್ ನಿಂತರೆ ಟರ್ಬೈನ್ ನಿಲ್ಲುತ್ತದೆ, ಮಿಲ್ ನಿಲ್ಲುತ್ತದೆ, ಗೇಟಿನಾಚೆ ಕಬ್ಬಿನ ಗಾಡಿಗಳ ಸಾಲು ಬೆಳೆಯುತ್ತದೆ. ಬಿಸಿಲಲ್ಲಿ ಒಣಗಿದ ಕಬ್ಬು ರೈತನಿಗೆ ತೂಕದಲ್ಲಿ ನಷ್ಟ. ಅದಕ್ಕೇ ಈ ಸಣ್ಣ ಕೆಂಪು ದೀಪದ ಬಗ್ಗೆ ನನಗೆ ಇಷ್ಟು ಕಾಳಜಿ. ಉದಾಹರಣೆ ಬೇಕಾದ ಕಡೆ ಸೀಮೆನ್ಸ್‌ನ ಎಸ್7-400ಎಚ್ ಎತ್ತಿಕೊಂಡಿದ್ದೇನೆ, ನಾನು ಜಾಸ್ತಿ ಕೈಯಾಡಿಸಿದ್ದು ಅದರಲ್ಲಿ. ಬೇರೆ ಮೇಕ್ ಆದರೆ ದೀಪದ ಹೆಸರು ಬದಲಾಗಬಹುದು, ಹುಡುಕುವ ದಾರಿ ಇದೇ.

ಮುಟ್ಟುವ ಮುಂಚೆ

ಈಗ ಪ್ಲಾಂಟನ್ನು ಹೊತ್ತಿರುವ ಸಿಪಿಯು ಯಾವುದು? ಕೆಟ್ಟದ್ದನ್ನು ಹುಡುಕುವುದಕ್ಕೂ ಮೊದಲು ಇದು ಖಚಿತವಾಗಬೇಕು. ಎಂಎಸ್‌ಟಿಆರ್ ಅನ್ನುವ ದೀಪ ಹತ್ತಿದ್ದರೆ ಅದು ಮಾಸ್ಟರ್. ದೀಪ ನೋಡಿದ ಮೇಲೆ ಎಂಜಿನಿಯರಿಂಗ್ ಸ್ಟೇಷನ್‌ನಲ್ಲೂ ನೋಡಿ. ಎರಡೂ ಒಂದೇ ಹೇಳಿದರೆ ಆ ಸಿಪಿಯು ಕೂತಿರುವ ರ್‍ಯಾಕಿಗೆ ಕೆಂಪು ಟೇಪ್ ಅಂಟಿಸಿ. ಮುಂದೆಯೂ ಅಂಟಿಸಿ, ಹಿಂದೆಯೂ ಅಂಟಿಸಿ.

ಹಿಂದೆ ಯಾಕೆ ಅಂದರೆ, ಮುಂದಿನಿಂದ ನೋಡುವಾಗ ಎಡಗಡೆ ಇದ್ದ ರ್‍ಯಾಕ್ ಹಿಂದಿನಿಂದ ಬಲಗಡೆ ಬರುತ್ತದೆ. ಹೆಸರಿನ ಪಟ್ಟಿ ಮುಂದೆ ಮಾತ್ರ ಇರುತ್ತದೆ, ವೈರಿಂಗ್ ಹಿಂದೆ ಇರುತ್ತದೆ. ಹದಿನೈದು ವರ್ಷ ಅನುಭವ ಇದ್ದ ಒಬ್ಬ ಟೆಕ್ನಿಷಿಯನ್ ಪ್ಯಾನೆಲ್ ಹಿಂದೆ ಕೂತು, ಕೆಟ್ಟ ರ್‍ಯಾಕಿನದು ಅಂದುಕೊಂಡು ಓಡುತ್ತಿದ್ದ ರ್‍ಯಾಕಿನ ಎಂಸಿಬಿ (ಪವರ್ ಕಡಿಯುವ ಸ್ವಿಚ್) ಮೇಲೆ ಬೆರಳಿಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಪಕ್ಕದಲ್ಲಿದ್ದ ಹುಡುಗ ಕೈ ಹಿಡಿದುಕೊಂಡ. ಟೆಕ್ನಿಷಿಯನ್‌ಗೆ ಕೆಲಸ ಬರುತ್ತಿರಲಿಲ್ಲ ಅಂತಲ್ಲ. ಎರಡೂ ರ್‍ಯಾಕ್ ಅವಳಿ ಮಕ್ಕಳ ಹಾಗೆ ಇದ್ದವು.

ಟೇಪ್ ಅಂಟಿಸಿದ ಮೇಲೆ ಎರಡೂ ರ್‍ಯಾಕ್‌ಗಳ ದೀಪಗಳ ಫೋಟೋ ತೆಗೆಯಿರಿ. ಮಿನುಗುವ ದೀಪ ಫೋಟೋದಲ್ಲಿ ಗೊತ್ತಾಗುವುದಿಲ್ಲ, ಹತ್ತು ಸೆಕೆಂಡ್ ವಿಡಿಯೋ ಮಾಡಿ. ಎರಡೂ ಸಿಪಿಯುಗಳ ಡಯಾಗ್ನಾಸ್ಟಿಕ್ ಬಫರ್ (ಸಿಪಿಯು ತಾನೇ ಬರೆದಿಟ್ಟುಕೊಳ್ಳುವ ಘಟನೆಗಳ ಪಟ್ಟಿ) ತೆಗೆದು ಫೈಲ್ ಮಾಡಿ ಇಟ್ಟುಕೊಳ್ಳಿ. ಆಮೇಲೆ ಬೇಕಾದರೆ ರೀಸೆಟ್ ಬಗ್ಗೆ ಯೋಚಿಸೋಣ. "ಒಂದ್ ಸಲ ಆಫ್ ಮಾಡಿ ಆನ್ ಮಾಡಿದ್ರೆ ಸರಿ ಹೋಗುತ್ತೆ" ಅನ್ನುವ ಮಾತು ಎಷ್ಟೋ ಸಲ ನಿಜವೂ ಆಗುತ್ತದೆ. ತೊಂದರೆ ಅಂದರೆ, ಸರಿ ಹೋದದ್ದರ ಜೊತೆಗೆ ಸಾಕ್ಷಿಯೂ ಹೋಗಿರುತ್ತದೆ. ವಾರ ಬಿಟ್ಟು ಅದೇ ದೋಷ ಮತ್ತೆ ಬಂದಾಗ ಮೊದಲಿಂದ ಶುರು ಮಾಡಬೇಕು.

ಗಡಿಯಾರ ಮರೆಯಬೇಡಿ. ಎರಡು ಸಿಪಿಯು, ಸ್ಕಾಡಾ (ಆಪರೇಟರ್ ಪ್ಲಾಂಟನ್ನು ನೋಡುವ ಸ್ಕ್ರೀನ್‌ಗಳ) ಸರ್ವರ್, ಯುಪಿಎಸ್ ಲಾಗ್, ಎಲ್ಲದರ ಸಮಯವನ್ನೂ ನಿಮ್ಮ ಫೋನಿನ ಸಮಯದ ಪಕ್ಕ ಬರೆದುಕೊಳ್ಳಿ. ಸ್ಕಾಡಾ ನಾಲ್ಕು ನಿಮಿಷ ಹಿಂದಿದ್ದರೆ, ಮೊದಲು ಪವರ್ ಹೋಗಿ ಆಮೇಲೆ ಸ್ಟ್ಯಾಂಡ್‌ಬೈ ಬಿದ್ದದ್ದು ನಿಮಗೆ ತಿರುಗುಮುರುಗಾಗಿ ಕಾಣುತ್ತದೆ. ಇಡೀ ತನಿಖೆ ತಪ್ಪು ದಾರಿ ಹಿಡಿಯುವುದಕ್ಕೆ ಅಷ್ಟು ಸಾಕು.

ದೀಪ ಓದುವುದು

ಎಸ್7-400ಎಚ್‌ನಲ್ಲಿ ರೆಡ್‌ಎಫ್ ದೀಪ ಆರಿದ್ದರೆ ಜೋಡಿ ಗಟ್ಟಿಯಾಗಿದೆ. ಒಂದೇ ಸಮ ಹತ್ತಿಕೊಂಡಿದ್ದರೆ ಜೋಡಿ ಮುರಿದಿದೆ, ಇಲ್ಲವೇ ಐ/ಒ (ಫೀಲ್ಡ್‌ನ ಸಿಗ್ನಲ್ ಬಂದು ಹೋಗುವ) ಕಡೆ ಒಂದು ದಾರಿ ಹೋಗಿದೆ. ಎರಡು ಸೆಕೆಂಡಿಗೊಮ್ಮೆ ನಿಧಾನವಾಗಿ ಮಿನುಗಿದರೆ ಲಿಂಕ್-ಅಪ್ ನಡೆಯುತ್ತಿದೆ, ಅಂದರೆ ಸ್ಟ್ಯಾಂಡ್‌ಬೈ ಮಾಸ್ಟರ್ ಜೊತೆ ಸೇರಿಕೊಳ್ಳುತ್ತಿದೆ. ಸೆಕೆಂಡಿಗೆ ಎರಡು ಸಲ ಮಿನುಗಿದರೆ ಅಪ್‌ಡೇಟ್, ಅಂದರೆ ಮಾಸ್ಟರ್ ತನ್ನ ಹತ್ತಿರ ಇರುವ ತಾಜಾ ಡೇಟಾವನ್ನು ಸ್ಟ್ಯಾಂಡ್‌ಬೈಗೆ ಕೊಡುತ್ತಿದೆ. ಮಿನುಗುವಾಗ ಏನನ್ನೂ ಮುಟ್ಟಬೇಡಿ. ಸ್ಟ್ಯಾಂಡ್‌ಬೈ ಕೆಲವೊಮ್ಮೆ ಎರರ್ ಸರ್ಚ್ ಅನ್ನುವ ಸ್ಥಿತಿಗೆ ಹೋಗಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಅದು ಸಮಯ ತೆಗೆದುಕೊಳ್ಳುತ್ತದೆ. ಹ್ಯಾಂಗ್ ಆಗಿದೆ ಅಂದುಕೊಂಡು ಕೀ ತಿರುಗಿಸುವವರು ತುಂಬಾ ಜನ. ಕಾಯಿರಿ.

ಐಎಫ್‌ಎಂ1ಎಫ್, ಐಎಫ್‌ಎಂ2ಎಫ್ ಹತ್ತಿದ್ದರೆ ಎರಡು ಸಿಪಿಯುಗಳನ್ನು ಜೋಡಿಸುವ ಸಿಂಕ್ ಮಾಡ್ಯೂಲ್ ಅಥವಾ ಫೈಬರ್ ಕಡೆ ನೋಡಿ. ಬಸ್1ಎಫ್, ಬಸ್2ಎಫ್ ಆದರೆ ಫೀಲ್ಡ್ ಬಸ್, ಅಂದರೆ ಐ/ಒ ಸ್ಟೇಷನ್‌ಗಳಿಗೆ ಹೋಗುವ ಲೈನ್. ಸ್ಟ್ಯಾಂಡ್‌ಬೈಯಲ್ಲಿ ಒಂದು ದೀಪವೂ ಇಲ್ಲದಿದ್ದರೆ ಪವರ್. ಅಲ್ಲಿಂದಲೇ ಶುರು ಮಾಡೋಣ.

ಪವರ್: 24 ವೋಲ್ಟ್ ಇದೆ ಅಂದರೆ ನಂಬಬೇಡಿ

230 ವೋಲ್ಟನ್ನು 24 ವೋಲ್ಟ್ ಡಿಸಿ ಮಾಡುವ ಎಸ್‌ಎಂಪಿಎಸ್ ಎರಡು ಹಾಕಿ, ಎರಡರ ಔಟ್‌ಪುಟ್ಟನ್ನೂ ಡಯೋಡ್ ಮಾಡ್ಯೂಲ್ ಮೂಲಕ ಸೇರಿಸಿರುತ್ತಾರೆ. ಮೀಟರ್ ಹಿಡಿದು ಟರ್ಮಿನಲ್‌ನಲ್ಲಿ ನೋಡಿದರೆ 24 ವೋಲ್ಟ್ ಬರುತ್ತದೆ. ಸರಿ ಇದೆ ಅಂತ ಮೀಟರ್ ಎತ್ತಿಡುತ್ತಾರೆ. ಆದರೆ ಡಯೋಡ್ ಆದ ಮೇಲೆ ಅಳೆದರೆ ಒಂದು ಎಸ್‌ಎಂಪಿಎಸ್ ಸತ್ತಿದ್ದರೂ 24 ವೋಲ್ಟೇ ತೋರಿಸುತ್ತದೆ. ಡಯೋಡ್ ಇರುವುದೇ ಅದಕ್ಕಲ್ವಾ. ಅದಕ್ಕೇ ಡಯೋಡ್‌ಗಿಂತ ಮುಂಚೆ, ಪ್ರತಿ ಎಸ್‌ಎಂಪಿಎಸ್‌ನ ಔಟ್‌ಪುಟ್ ಬೇರೆ ಬೇರೆ ಅಳೆಯಿರಿ.

ಅಷ್ಟಕ್ಕೇ ನಿಲ್ಲಿಸಬೇಡಿ. ಡಿಸಿ ಕ್ಲ್ಯಾಂಪ್ ಮೀಟರ್ ಹಾಕಿ ಎರಡರ ಕರೆಂಟ್ ನೋಡಿ. ಒಂದು 9 ಆಂಪಿಯರ್, ಇನ್ನೊಂದು 5 ಆಂಪಿಯರ್ ಕೊಡುತ್ತಿದೆ ಅಂತಿಟ್ಟುಕೊಳ್ಳಿ. ಸಮನಾಗಿ ಹಂಚಿಕೊಂಡಿಲ್ಲ ಅನ್ನುವುದು ದೊಡ್ಡ ವಿಷಯ ಅಲ್ಲ. ಯಾವುದರ ವೋಲ್ಟೇಜ್ ಸ್ವಲ್ಪ ಮೇಲಿದೆಯೋ ಅದು ಜಾಸ್ತಿ ಹೊರುತ್ತದೆ. ದೊಡ್ಡ ವಿಷಯ ಏನೆಂದರೆ ಒಟ್ಟು ಲೋಡ್ 14 ಆಂಪಿಯರ್, ಮತ್ತು ಎಸ್‌ಎಂಪಿಎಸ್ ಎರಡೂ 10 ಆಂಪಿಯರ್‌ನವು. ಒಂದು ಹೋದ ದಿನ ಇನ್ನೊಂದರ ಮೇಲೆ 14 ಬೀಳುತ್ತದೆ. ಅದು ವೋಲ್ಟೇಜ್ ಇಳಿಸುತ್ತದೆ ಅಥವಾ ಕೈಬಿಡುತ್ತದೆ, ಇಡೀ ಪ್ಯಾನೆಲ್ ಕತ್ತಲಾಗುತ್ತದೆ. ಶುರುವಿನಲ್ಲಿ ಪ್ಯಾನೆಲ್ ಕಟ್ಟಿದಾಗ ಲೋಡ್ 8 ಆಂಪಿಯರ್ ಇದ್ದಿರಬಹುದು. ವರ್ಷ ವರ್ಷ ಒಂದೊಂದು ಸೊಲೆನಾಯ್ಡ್, ಒಂದೊಂದು ರಿಲೇ ಅಂತ ಸೇರಿಸುತ್ತಾ ಹೋದರು. ಯಾರೂ ಕೂಡಿಸಿ ನೋಡಲಿಲ್ಲ. ಜೋಡಿ ಕಾಗದದ ಮೇಲೆ ಉಳಿಯಿತು, ಪ್ಯಾನೆಲ್‌ನಲ್ಲಿ ಇಲ್ಲವಾಯಿತು.

ಆಮೇಲೆ ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗಿ. ಆ ಎರಡು ಎಸ್‌ಎಂಪಿಎಸ್‌ಗಳಿಗೆ 230 ವೋಲ್ಟ್ ಎಲ್ಲಿಂದ ಬರುತ್ತಿದೆ? ಡ್ರಾಯಿಂಗ್‌ನಲ್ಲಿ ಯುಪಿಎಸ್ 1, ಯುಪಿಎಸ್ 2 ಅಂತ ಇರುತ್ತದೆ. ಡ್ರಾಯಿಂಗ್ ಬಿಟ್ಟು ವೈರ್ ಹಿಡಿದುಕೊಂಡು ನಡೆಯಿರಿ. ಯಾವಾಗಲೋ ಒಂದು ಯುಪಿಎಸ್ ರಿಪೇರಿಗೆ ಹೋದಾಗ ತಾತ್ಕಾಲಿಕ ಅಂತ ಎರಡನ್ನೂ ಒಂದೇ ಎಂಸಿಬಿಗೆ ಹಾಕಿ, ಹಾಗೇ ಬಿಟ್ಟಿರುವುದು ಸಿಗುತ್ತದೆ. ಇದನ್ನು ನಾನು ಒಂದಕ್ಕಿಂತ ಜಾಸ್ತಿ ಕಡೆ ಕಂಡಿದ್ದೇನೆ.

ಸಿಂಕ್ ಫೈಬರ್: ಬಾಗಿಲು ತೆರೆದಾಗ ಬೀಳುತ್ತಿದ್ದ ಸ್ಟ್ಯಾಂಡ್‌ಬೈ

ಎರಡು ಸಿಪಿಯುಗಳ ನಡುವೆ ಎರಡು ಜೊತೆ ಫೈಬರ್ ಇರುತ್ತದೆ. ಇಬ್ಬರೂ ಒಂದೇ ಹೆಜ್ಜೆಯಲ್ಲಿ ನಡೆಯುವುದು ಇದರ ಮೂಲಕವೇ. ಒಂದು ಕಾರ್ಖಾನೆಯಲ್ಲಿ ಸ್ಟ್ಯಾಂಡ್‌ಬೈ ಆಗಾಗ ಬೀಳುತ್ತಿತ್ತು, ಸ್ವಲ್ಪ ಹೊತ್ತಿಗೆ ತಾನೇ ಎದ್ದು ಸೇರಿಕೊಳ್ಳುತ್ತಿತ್ತು. ಸಿಂಕ್ ಮಾಡ್ಯೂಲ್ ಎರಡು ಸಲ ಬದಲಾಯಿಸಿ ಆಗಿತ್ತು. ಬಗಾಸಿನ (ಅರೆದ ಕಬ್ಬಿನ ಸಿಪ್ಪೆಯ) ಧೂಳು ಅಂದರು, ಎಸಿ ಸರಿ ಇಲ್ಲ ಅಂದರು, ಅರ್ಥಿಂಗ್ ಅಂದರು.

ನಾನು ಹೋದಾಗ ಮೊದಲು ಮಾಡಿದ ಕೆಲಸ, ಹನ್ನೊಂದು ದಿನದ ಲಾಗ್ ತೆಗೆದು ಬಿದ್ದ ಸಮಯಗಳನ್ನು ಮಾತ್ರ ಒಂದು ಹಾಳೆಯಲ್ಲಿ ಬರೆದದ್ದು. ಒಂಬತ್ತು ಸಲ ಬಿದ್ದಿತ್ತು. ಬೆಳಿಗ್ಗೆ 6ರ ಆಸುಪಾಸು, ಮಧ್ಯಾಹ್ನ 2ರ ಆಸುಪಾಸು, ರಾತ್ರಿ 10ರ ಆಸುಪಾಸು. ಬೇರೆ ಹೊತ್ತಿನಲ್ಲಿ ಒಂದೂ ಇಲ್ಲ. ಅವು ಶಿಫ್ಟ್ ಬದಲಾಗುವ ಸಮಯ. ಮೋಟಾರ್ ಸ್ಟಾರ್ಟ್ ಆಗುವ ಲೆಕ್ಕ ನೋಡಿದೆ, ಹೊಂದಲಿಲ್ಲ.

ಮಧ್ಯಾಹ್ನ 2ಕ್ಕೆ ಪ್ಯಾನೆಲ್ ರೂಮಿನಲ್ಲಿ ಸುಮ್ನೆ ನಿಂತೆ. ಹೊಸ ಶಿಫ್ಟಿನ ಆಪರೇಟರ್ ರಿಜಿಸ್ಟರ್ ಹಿಡಿದು ಬಂದರು. ಪ್ಯಾನೆಲ್ ಹಿಂಬಾಗಿಲು ತೆರೆದರು, ಒಳಗಿನ ದೀಪ ನೋಡಿ ಬರೆಯಬೇಕು ಅಂತ ಶಿಫ್ಟ್ ಚೆಕ್‌ಲಿಸ್ಟ್‌ನಲ್ಲಿ ಇತ್ತು. ಬಾಗಿಲು ಅರ್ಧ ತೆರೆದಾಗ ಏನೂ ಆಗಲಿಲ್ಲ. ಬರೆಯಲು ಜಾಗ ಸಾಲದೆ ಬಾಗಿಲನ್ನು ಪೂರ್ತಿ ಹಿಂದಕ್ಕೆ ತಳ್ಳಿದರು. ಸಿಂಕ್ ದೀಪ ಹತ್ತಿತು. ಅವರು ಅದನ್ನು ನೋಡಲಿಲ್ಲ, ಆಗಲೇ ತಲೆ ಬಗ್ಗಿಸಿ ಬರೆಯುತ್ತಿದ್ದರು.

ಟಾರ್ಚ್ ಹಾಕಿ ಕೀಲಿನ ಕಡೆ ನೋಡಿದೆ. ಎರಡೂ ಜೊತೆ ಫೈಬರ್‌ಗಳನ್ನು ಬಾಗಿಲಿನ ಟ್ಯೂಬ್‌ಲೈಟ್ ವೈರಿನ ಜೊತೆ ಮೂರು ಕೇಬಲ್ ಟೈ ಹಾಕಿ ಬಿಗಿದಿದ್ದರು. ಕಟ್ಟು ನೋಡಲು ಅಚ್ಚುಕಟ್ಟಾಗಿತ್ತು. ಬಾಗಿಲು ಪೂರ್ತಿ ತೆರೆದಾಗ ಕೀಲಿನ ಹತ್ತಿರ ಫೈಬರ್ ಮಡಚಿದ ಕಿರುಬೆರಳಿನಷ್ಟು ಬಿಗಿಯಾಗಿ ಬಾಗುತ್ತಿತ್ತು. ತಾಮ್ರದ ವೈರ್ ಅಷ್ಟು ಬಾಗಿದರೂ ಕರೆಂಟ್ ಹೋಗುತ್ತದೆ. ಫೈಬರ್ ಬಾಗಿದರೆ ಬೆಳಕು ಪಕ್ಕಕ್ಕೆ ಸೋರಿಹೋಗುತ್ತದೆ. ಕೆಲವು ಆಪರೇಟರ್‌ಗಳು ಬಾಗಿಲು ಅರ್ಧ ಮಾತ್ರ ತೆರೆಯುತ್ತಿದ್ದರು. ಎಲ್ಲ ಶಿಫ್ಟಿನಲ್ಲೂ ಬೀಳದೆ ಇದ್ದದ್ದು ಅದಕ್ಕೆ.

ಟೈ ಕತ್ತರಿಸಿದೆವು. ಎರಡು ಜೊತೆಗಳನ್ನು ಬಿಡಿಸಿ, ಒಂದನ್ನು ಮೇಲಿನ ಟ್ರೇಯಲ್ಲಿ, ಇನ್ನೊಂದನ್ನು ಕೆಳಗಿನ ಟ್ರೇಯಲ್ಲಿ ಸಡಿಲವಾಗಿ ಬಿಟ್ಟೆವು. ತುದಿಗಳನ್ನು ಫೈಬರ್ ಕ್ಲೀನರ್‌ನಿಂದ ಒರೆಸಿದೆವು. ಬೆರಳಿನಿಂದಾಗಲಿ, ಅಂಗಿಯ ಅಂಚಿನಿಂದಾಗಲಿ ಒರೆಸಬಾರದು, ಎಣ್ಣೆಯಂಶ ಅಂಟುತ್ತದೆ. ಬೆಳಕು ಬರುತ್ತಿದೆಯಾ ಅಂತ ತುದಿಗೆ ಕಣ್ಣಿಟ್ಟು ನೋಡಲೇಬಾರದು. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಹಾನಿ ಮಾಡಬಲ್ಲದು. ಆ ಸೀಸನ್ ಮುಗಿಯುವ ತನಕ ಸ್ಟ್ಯಾಂಡ್‌ಬೈ ಮತ್ತೆ ಬೀಳಲಿಲ್ಲ.

ಎರಡು ಜೊತೆ ಒಂದೇ ಕಟ್ಟಿನಲ್ಲಿ ಇದ್ದದ್ದು ನನ್ನನ್ನು ಜಾಸ್ತಿ ಹೆದರಿಸಿತ್ತು. ಎರಡೂ ಒಂದೇ ಗಳಿಗೆಯಲ್ಲಿ ತುಂಡಾದರೆ ಪ್ರತಿ ಸಿಪಿಯುವಿಗೂ ಎದುರಿನದು ಸತ್ತಿದೆ ಅನ್ನಿಸುತ್ತದೆ. ಎರಡೂ ತಾನೇ ಮಾಸ್ಟರ್ ಅಂತ ನಿಲ್ಲುವ ಅಪಾಯ ಇದೆ. ಹಾಗಾಗಿ ಎರಡು ಜೊತೆಯನ್ನು ಬೇರೆ ಬೇರೆ ದಾರಿಯಲ್ಲೇ ಒಯ್ಯಬೇಕು. ಬಿಚ್ಚುವಾಗಲೂ ಒಂದನ್ನು ಬಿಚ್ಚಿ, ಹಾಕಿ, ದೀಪ ನೋಡಿ, ಆಮೇಲೆ ಇನ್ನೊಂದನ್ನು ಮುಟ್ಟಬೇಕು.

ಹೊಸ ಸಿಪಿಯು ಹಾಕಿದರೂ ಸೇರುತ್ತಿಲ್ಲ

ಸ್ಪೇರ್ ಸಿಪಿಯು ಹಾಕಿದ ಮೇಲೆ ಲಿಂಕ್-ಅಪ್ ಆಗದಿದ್ದರೆ ಮೂರು ವಿಷಯ ನೋಡಿ. ಆರ್ಡರ್ ನಂಬರ್ ಮತ್ತು ಫರ್ಮ್‌ವೇರ್ ವರ್ಷನ್ ಎರಡರಲ್ಲೂ ಒಂದೇ ಇದೆಯಾ? ಮೆಮೊರಿ ಕಾರ್ಡ್ ಅದೇ ಥರದ್ದಾ, ಅದೇ ಅಳತೆಯದ್ದಾ? ರ್‍ಯಾಕ್ ನಂಬರ್ ಸ್ವಿಚ್ ಒಂದರಲ್ಲಿ 0, ಇನ್ನೊಂದರಲ್ಲಿ 1 ಇದೆಯಾ? ಸ್ಪೇರ್ ಸಿಪಿಯು ಸಾಮಾನ್ಯವಾಗಿ 0ಯಲ್ಲೇ ಇರುತ್ತದೆ, ಅದನ್ನು ಹಾಗೇ ರ್‍ಯಾಕ್ 1ಕ್ಕೆ ಹಾಕಿಬಿಡುತ್ತಾರೆ. ಸ್ಟೋರ್‌ನಲ್ಲಿ ಐದು ವರ್ಷ ಮಲಗಿದ್ದ ಸ್ಪೇರ್‌ನ ಫರ್ಮ್‌ವೇರ್ ಈಗ ಓಡುತ್ತಿರುವುದಕ್ಕೆ ಹೊಂದುತ್ತದಾ ಅಂತ ಸೀಸನ್ ಶುರುವಾಗುವ ಮುಂಚೆಯೇ ನೋಡಿಡಿ. ರಾತ್ರಿ ಎರಡು ಗಂಟೆಗೆ ಫರ್ಮ್‌ವೇರ್ ಫೈಲ್ ಹುಡುಕುವ ಗತಿ ಯಾರಿಗೂ ಬೇಡ.

ಎಲ್ಲ ಸರಿ ಇದ್ದೂ ಅಪ್‌ಡೇಟ್ ಮಧ್ಯದಲ್ಲಿ ಕೈಬಿಡುತ್ತಿದ್ದರೆ ಸೈಕಲ್ ಟೈಮ್ (ಪ್ರೋಗ್ರಾಂ ಒಂದು ಸುತ್ತು ಓಡಲು ಹಿಡಿಯುವ ಸಮಯ) ನೋಡಿ. ಅಪ್‌ಡೇಟ್ ಆಗುವಾಗ ಮಾಸ್ಟರ್‌ನ ಸೈಕಲ್ ಸ್ವಲ್ಪ ಹಿಗ್ಗುತ್ತದೆ, ಅದಕ್ಕೆ ಒಂದು ಮಿತಿ ಕೊಟ್ಟಿರುತ್ತಾರೆ. ಪ್ರೋಗ್ರಾಂ ಬೆಳೆದು ಬೆಳೆದು ಆ ಮಿತಿ ಮುಟ್ಟಿದ್ದರೆ ಸ್ಟ್ಯಾಂಡ್‌ಬೈ ಸೇರುವುದೇ ಇಲ್ಲ.

ಐ/ಒ ಕಡೆ

ಇಲ್ಲಿ ಎರಡು ಪ್ರೊಫಿಬಸ್ (ಫೀಲ್ಡ್ ಬಸ್) ಲೈನ್, ಪ್ರತಿ ಇಟಿ200ಎಂ ಐ/ಒ ಸ್ಟೇಷನ್‌ನಲ್ಲಿ ಅದನ್ನು ಲೈನಿಗೆ ಸೇರಿಸುವ ಎರಡು ಐಎಂ153-2 ಮಾಡ್ಯೂಲ್. ಎಸಿಟಿ ಅನ್ನುವ ಹಳದಿ ದೀಪ ಹತ್ತಿರುವ ಮಾಡ್ಯೂಲ್ ಈಗ ಕೆಲಸದಲ್ಲಿದೆ. ಬಿದ್ದ ಸ್ಟೇಷನ್‌ಗಳ ಪಟ್ಟಿಯನ್ನು ಕೇಬಲ್ ಹೋಗುವ ಕ್ರಮದಲ್ಲಿ ಬರೆಯಿರಿ, ಅಡ್ರೆಸ್ ಕ್ರಮದಲ್ಲಿ ಬೇಡ. ಎಲ್ಲಿಂದಾಚೆ ಎಲ್ಲವೂ ಬಿದ್ದಿವೆಯೋ ಅಲ್ಲಿ ಕೇಬಲ್ ತುಂಡಾಗಿದೆ, ಅಥವಾ ಅಲ್ಲಿನ ಕನೆಕ್ಟರ್‌ನ ಟರ್ಮಿನೇಷನ್ (ಲೈನಿನ ತುದಿಯ ರೆಸಿಸ್ಟರ್) ಸ್ವಿಚ್ಚನ್ನು ಯಾರೋ ಆನ್ ಮಾಡಿದ್ದಾರೆ. ಆ ಸ್ವಿಚ್ ಆನ್ ಆದರೆ ಮುಂದಿನ ಕೇಬಲ್ ಕಡಿದುಹೋಗುತ್ತದೆ. ಲೈನಿನ ಎರಡು ತುದಿಯಲ್ಲಿ ಮಾತ್ರ ಅದು ಆನ್ ಇರಬೇಕು. ತುದಿಯ ಸ್ಟೇಷನ್‌ಗೆ ಪವರ್ ಹೋದರೂ ಟರ್ಮಿನೇಷನ್ ಕೆಲಸ ಮಾಡುವುದಿಲ್ಲ, ಆಗ ಮಧ್ಯದ ಸ್ಟೇಷನ್‌ಗಳು ತೊದಲಲು ಶುರು ಮಾಡುತ್ತವೆ.

ಬಿದ್ದ ಲೈನಿನ ಕನೆಕ್ಟರ್‌ಗಳನ್ನು ಎಲ್ಲ ಸ್ಟೇಷನ್‌ಗಳಿಂದ ಬಿಚ್ಚಿ, 3 ಮತ್ತು 8ನೇ ಪಿನ್ ನಡುವೆ ಓಮ್ಸ್ ಅಳೆಯಿರಿ. ಎರಡು ತುದಿಯೂ ಸರಿ ಇದ್ದರೆ ಸುಮಾರು 110 ಬರುತ್ತದೆ, ಯಾಕೆಂದರೆ 220ರ ಎರಡು ರೆಸಿಸ್ಟರ್ ಪಕ್ಕ ಪಕ್ಕ ಇವೆ. 220 ಬಂದರೆ ಒಂದು ತುದಿ ಕಾಣುತ್ತಿಲ್ಲ. 110ಕ್ಕಿಂತ ತೀರಾ ಕಡಿಮೆ ಬಂದರೆ ಮೂರನೇ ಸ್ವಿಚ್ ಎಲ್ಲೋ ಆನ್ ಇದೆ, ಅಥವಾ ಕೇಬಲ್ ಶಾರ್ಟ್ ಆಗಿದೆ. ಎರಡೂ ಲೈನಿನ ಕೇಬಲ್ ನೇರಳೆ ಬಣ್ಣದವೇ. ಬಿಚ್ಚುವ ಮುಂಚೆ ಯಾವುದು ಬಿದ್ದ ಲೈನ್ ಅಂತ ಎರಡು ಸಲ ಖಚಿತ ಮಾಡಿಕೊಳ್ಳಿ. ಓಡುತ್ತಿರುವ ಲೈನಿನ ಕನೆಕ್ಟರ್ ಬಿಚ್ಚಿದರೆ ಆ ಸ್ಟೇಷನ್ ಪೂರ್ತಿ ಹೋಗುತ್ತದೆ.

ಇನ್ನೊಂದು ಗುಪ್ತ ದೋಷ ಇದೆ. ಪ್ಲಾಂಟ್ ವಿಸ್ತರಣೆ ಮಾಡುವಾಗ, ಖಾಲಿ ಸ್ಲಾಟ್ ಇದೆಯಲ್ಲ ಅಂತ ಹೊಸ ಐ/ಒ ಕಾರ್ಡನ್ನು ಸಿಪಿಯು ರ್‍ಯಾಕಿಗೇ ಹಾಕಿರುತ್ತಾರೆ. ಆ ಕಾರ್ಡ್ ಒಂದೇ ಸಿಪಿಯುಗೆ ಸೇರಿದ್ದು. ಆ ಸಿಪಿಯು ಬಿದ್ದರೆ ಆ ಕಾರ್ಡಿನ ಸಿಗ್ನಲ್ ಎಲ್ಲ ಹೋಗುತ್ತವೆ. ಇನ್ನೊಂದು ಸಿಪಿಯು ಚೆನ್ನಾಗಿಯೇ ಓಡುತ್ತಿರುತ್ತದೆ, ಆದರೆ ಎಫ್‌ಡಿ ಫ್ಯಾನ್ (ಬಾಯ್ಲರ್‌ಗೆ ಗಾಳಿ ಊದುವ ಫ್ಯಾನ್) ನಿಂತಿರುತ್ತದೆ.

ನೆಟ್‌ವರ್ಕ್ ರಿಂಗ್, ಅಂದರೆ ಉಂಗುರದ ಹಾಗೆ ಜೋಡಿಸಿದ ಸ್ವಿಚ್‌ಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ರಿಂಗ್ ಒಂದು ಕಡೆ ತುಂಡಾದರೆ ಎಲ್ಲವೂ ನಡೆಯುತ್ತದೆ, ರಿಂಗ್ ಮ್ಯಾನೇಜರ್ ಸ್ವಿಚ್ ಮಾತ್ರ ಕೂಗುತ್ತದೆ. ಆ ಕೂಗು ಸ್ಕಾಡಾಗೆ ಬರುತ್ತದಾ ಅಂತ ನೋಡಿ. ಮತ್ತೆ, ರಿಂಗಿನ ಎರಡೂ ದಾರಿಯ ಫೈಬರ್ ಒಂದೇ ಕಾಲುವೆಯಲ್ಲಿ ಮಲಗಿದ್ದರೆ ಜೆಸಿಬಿಯ ಒಂದು ಏಟಿಗೆ ಎರಡೂ ಹೋಗುತ್ತವೆ.

ಎರಡೂ ಒಟ್ಟಿಗೆ ಬಿದ್ದರೆ

ಎರಡು ಸಿಪಿಯು ಒಂದೇ ಸೆಕೆಂಡಿನಲ್ಲಿ ನಿಂತರೆ, ಎರಡೂ ಹಾರ್ಡ್‌ವೇರ್ ಒಟ್ಟಿಗೆ ಕೆಟ್ಟಿವೆ ಅಂತ ತಿಳಿಯಬೇಡಿ. ಎರಡಕ್ಕೂ ಸೇರಿದ್ದು ಏನಿದೆ ಅಂತ ಹುಡುಕಿ. ಪ್ರೋಗ್ರಾಂ ಎರಡಕ್ಕೂ ಒಂದೇ. ಎಸ್7-400ರಲ್ಲಿ ಓಬಿ86 ಅಂತ ಒಂದು ಬ್ಲಾಕ್ ಇದೆ. ಒಂದು ಸ್ಟೇಷನ್ ಪೂರ್ತಿ ಬಿದ್ದಾಗ ಸಿಪಿಯು ಅದನ್ನು ಕರೆಯುತ್ತದೆ. ಅದು ಲೋಡ್ ಆಗಿಲ್ಲದಿದ್ದರೆ ಸಿಪಿಯು ಸ್ಟಾಪ್‌ಗೆ ಹೋಗುತ್ತದೆ. ಎರಡೂ ಸಿಪಿಯು ಅದೇ ಪ್ರೋಗ್ರಾಂ ಓಡಿಸುವುದರಿಂದ ಎರಡೂ ಹೋಗುತ್ತವೆ. ಅಂದರೆ ಮೂಲೆಯ ಒಂದು ಬೂದಿ ಕನ್ವೇಯರ್ ಸ್ಟೇಷನ್‌ನ ಪವರ್ ಹೋದದ್ದಕ್ಕೆ ಇಡೀ ಬಾಯ್ಲರ್ ನಿಲ್ಲಬಹುದು. ಖಾಲಿ ಬ್ಲಾಕ್ ಆದರೂ ಸರಿ, ಲೋಡ್ ಆಗಿರಲಿ. ಓಬಿ82, ಓಬಿ122 ಕೂಡ ಇವೆಯಾ ನೋಡಿ.

ಇದೇ ಥರದ ದೋಷ ದೊಡ್ಡ ದೊಡ್ಡ ಕಡೆಯೂ ಆಗಿದೆ. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್‌ನ ಮೊದಲ ಹಾರಾಟದಲ್ಲಿ ದಿಕ್ಕು ಹೇಳುವ ಎರಡು ಘಟಕಗಳಿದ್ದವು. ಎರಡರಲ್ಲೂ ಒಂದೇ ಸಾಫ್ಟ್‌ವೇರ್. 64 ಬಿಟ್‌ನ ಒಂದು ಸಂಖ್ಯೆ 16 ಬಿಟ್‌ನ ಜಾಗದಲ್ಲಿ ಹಿಡಿಸಲಿಲ್ಲ. ಮೊದಲು ಸ್ಟ್ಯಾಂಡ್‌ಬೈ ಬಿತ್ತು, ಕಣ್ಣು ರೆಪ್ಪೆ ಹೊಡೆಯುವಷ್ಟರಲ್ಲಿ ಅದೇ ಕಾರಣಕ್ಕೆ ಇನ್ನೊಂದೂ ಬಿತ್ತು. ಹಾರಿದ 40 ಸೆಕೆಂಡಿನ ಆಸುಪಾಸಿನಲ್ಲೇ ರಾಕೆಟ್ ಚೂರಾಯಿತು.

ಪವರ್ ಬಗ್ಗೆ ಹೇಳುವಾಗ ನನಗೆ ಯಾವಾಗಲೂ ನೆನಪಾಗುವುದು ಸ್ವೀಡನ್ನಿನ ಫೋರ್ಸ್‌ಮಾರ್ಕ್ ಅಣು ವಿದ್ಯುತ್ ಸ್ಥಾವರ. 2006ರ ಜುಲೈ 25ರಂದು ಹೊರಗಿನ 400 ಕೆವಿ ಸ್ವಿಚ್‌ಯಾರ್ಡ್‌ನಲ್ಲಿ ಶಾರ್ಟ್ ಸರ್ಕ್ಯೂಟ್ ಆಯಿತು. ಅದರ ವೋಲ್ಟೇಜ್ ಏರಿಳಿತಕ್ಕೆ ಒಂದನೇ ಘಟಕದ ನಾಲ್ಕು ಯುಪಿಎಸ್ ಸಾಲುಗಳಲ್ಲಿ ಎರಡು ಬಿದ್ದವು. ನಾಲ್ಕು ಡೀಸೆಲ್ ಜನರೇಟರ್‌ಗಳೂ ಸ್ಟಾರ್ಟ್ ಆದವು, ಆದರೆ ಎರಡು ತಾನಾಗಿ ಲೋಡ್‌ಗೆ ಸೇರಲಿಲ್ಲ. ಅವುಗಳ ವೇಗ ಅಳೆಯುವ ಸರ್ಕ್ಯೂಟ್‌ಗೆ ಪವರ್ ಬರುತ್ತಿದ್ದುದು ಬಿದ್ದ ಯುಪಿಎಸ್‌ಗಳಿಂದಲೇ. ಸುಮಾರು 22 ನಿಮಿಷದ ಮೇಲೆ ಆಪರೇಟರ್‌ಗಳು ಕೈಯಿಂದ ಸೇರಿಸಿದರು. ಉಳಿದ ಎರಡು ಸಾಲು ನಿಂತದ್ದರಿಂದ ಬಚಾವಾಯಿತು. ಬ್ಯಾಕಪ್‌ಗೆ ಬೇಕಾದ ಪವರ್ ಎಲ್ಲಿಂದ ಬರುತ್ತದೆ ಅಂತ ವೈರ್ ಹಿಡಿದು ನಡೆಯಿರಿ ಅಂದದ್ದು ಇದಕ್ಕೇ.

ಕೇಬಲ್ ದಾರಿಗೆ ಅಮೆರಿಕದ ಬ್ರೌನ್ಸ್ ಫೆರಿ ಸ್ಥಾವರ ನೋಡಿ. 1975ರ ಮಾರ್ಚ್ 22ರಂದು ಗೋಡೆಯ ಕೇಬಲ್ ತೂತಿನಲ್ಲಿ ಗಾಳಿ ಸೋರುತ್ತಿದೆಯಾ ಅಂತ ಮೇಣದಬತ್ತಿ ಹಿಡಿದು ನೋಡುತ್ತಿದ್ದಾಗ ಫೋಮ್‌ಗೆ ಬೆಂಕಿ ತಗುಲಿತು. 1600ಕ್ಕೂ ಜಾಸ್ತಿ ಕೇಬಲ್ ಸುಟ್ಟವು. ಒಂದಕ್ಕೊಂದು ಬ್ಯಾಕಪ್ ಆಗಬೇಕಿದ್ದ ಕೇಬಲ್‌ಗಳು ಅಕ್ಕಪಕ್ಕದಲ್ಲೇ ಇದ್ದವು. ನಿಮ್ಮ ಕೇಬಲ್ ಟ್ರೇ ಕೂಡ ಒಂದು ಸಲ ಹತ್ತಿ ನೋಡಿ. ಎ ಲೈನ್, ಬಿ ಲೈನ್ ಒಂದೇ ಟ್ರೇಯಲ್ಲಿ ಒಂದರ ಮೇಲೊಂದು ಮಲಗಿರುವುದು ನಮ್ಮ ಕಡೆ ತೀರಾ ಅಪರೂಪ ಅಲ್ಲ. ಆ ಟ್ರೇ ಬಾಯ್ಲರ್‌ನ ಬಿಸಿ ಬೂದಿ ಹಾಪರ್ ಪಕ್ಕದಲ್ಲಿ ಹೋಗುತ್ತಿದ್ದರೆ ಇವತ್ತೇ ಬರೆದುಕೊಡಿ.

ಮೂರು ಟ್ರಾನ್ಸ್‌ಮಿಟರ್ ಒಂದೇ ಮಾತು ಹೇಳಿದಾಗ

ಸ್ಟೀಮ್ ಡ್ರಮ್ ಲೆವೆಲ್‌ಗೆ, ಅಂದರೆ ಬಾಯ್ಲರ್ ಡ್ರಮ್ಮಿನ ನೀರಿನ ಮಟ್ಟ ಅಳೆದು ಕಳಿಸುವುದಕ್ಕೆ, ಮೂರು ಟ್ರಾನ್ಸ್‌ಮಿಟರ್, ಮೂರರಲ್ಲಿ ಎರಡು ಹೇಳಿದ್ದನ್ನು ಕೇಳುವ ಲಾಜಿಕ್. ಒಂದು ಕೆಟ್ಟರೆ ಡೀವಿಯೇಷನ್ ಅಲಾರಂ ಬರುತ್ತದೆ, ಹುಡುಕುವುದು ಸುಲಭ. ಟ್ರಾನ್ಸ್‌ಮಿಟರ್ ಕಳಿಸುವ ಕರೆಂಟ್ ಮಿಲಿ ಆಂಪಿಯರ್‌ನಲ್ಲಿ 3.6ಕ್ಕಿಂತ ಕೆಳಗೆ ಅಥವಾ 21ಕ್ಕಿಂತ ಮೇಲೆ ಹೋದರೆ ಟ್ರಾನ್ಸ್‌ಮಿಟರ್ ತಾನೇ ಕೆಟ್ಟಿದ್ದೇನೆ ಅಂತ ಹೇಳುತ್ತಿದೆ, ನಮುರ್ ಸಂಘದ ಎನ್‌ಇ 43 ಶಿಫಾರಸು ಹೇಳುವ ಪದ್ಧತಿ ಇದು. ಕಷ್ಟ ಇರುವುದು ಮೂರೂ ಒಪ್ಪಿಕೊಂಡು ಮೂರೂ ತಪ್ಪು ಹೇಳುವಾಗ. ಮೂರನ್ನೂ ಒಂದೇ ಟ್ಯಾಪಿಂಗ್‌ನಿಂದ ತೆಗೆದಿದ್ದರೆ, ಆ ಪೈಪ್ ಕಟ್ಟಿಕೊಂಡಾಗ ಮೂರೂ ಹಳೆಯ ಲೆವೆಲ್ಲನ್ನೇ ಹಿಡಿದು ನಿಲ್ಲುತ್ತವೆ.

ಇದನ್ನು ಟ್ರೆಂಡ್ ನೋಡಿ ಹಿಡಿಯಬಹುದು. ಕುದಿಯುವ ಡ್ರಮ್ಮಿನ ಲೆವೆಲ್ ಎಂದೂ ಗೆರೆ ಎಳೆದ ಹಾಗೆ ಇರುವುದಿಲ್ಲ, ಸಣ್ಣಗೆ ನಡುಗುತ್ತಲೇ ಇರುತ್ತದೆ. ಆ ನಡುಕ ನಿಂತು ಗೆರೆ ಸಪಾಟಾದರೆ ಗೇಜ್ ಗ್ಲಾಸ್ (ನೀರಿನ ಮಟ್ಟ ನೇರ ಕಣ್ಣಿಗೆ ಕಾಣುವ ಗಾಜು) ನೋಡಲು ಆಗಲೇ ಒಬ್ಬರನ್ನು ಕಳಿಸಿ. ಟ್ರಾನ್ಸ್‌ಮಿಟರ್ ಕೆಲಸಕ್ಕೆ ಬೈಪಾಸ್ ಹಾಕಿದ್ದರೆ, ಈಗ ಲಾಜಿಕ್ ಎಷ್ಟರಲ್ಲಿ ಎಷ್ಟನ್ನು ಕೇಳುತ್ತಿದೆ ಅಂತ ಆಪರೇಟರ್‌ಗೆ ಬಾಯಿಬಿಟ್ಟು ಹೇಳಿ, ಬೋರ್ಡಿನಲ್ಲೂ ಬರೆಯಿರಿ. ಕೆಲಸ ಮುಗಿದ ಮೇಲೆ ಬೈಪಾಸ್ ತೆಗೆದದ್ದನ್ನೂ ಹಾಗೇ ಬರೆಯಿರಿ.

ರಿಪೇರಿ ಆದ ಮೇಲೆ

ರೆಡ್‌ಎಫ್ ಆರಿತು ಅಂತ ಟೂಲ್ ಬ್ಯಾಗ್ ಕಟ್ಟಬೇಡಿ. ಜೋಡಿ ಆಯಿತು ಅಂತ ಸಿಪಿಯು ಹೇಳುತ್ತಿದೆ. ಭಾರ ಹೊರುತ್ತದಾ ಅನ್ನುವುದು ಇನ್ನೂ ಗೊತ್ತಿಲ್ಲ. ಚೇಂಜ್‌ಓವರ್ ಮಾಡಿಯೇ ನೋಡಬೇಕು.

ಇದಕ್ಕೆ ಪರ್ಮಿಟ್ ತೆಗೆದುಕೊಳ್ಳಿ. ಲೋಡ್ ಸ್ಥಿರವಾಗಿರುವ ಹೊತ್ತು ನೋಡಿ. ಫೋರ್ಸ್ ಮಾಡಿದ (ಕೈಯಿಂದ ಹಿಡಿದಿಟ್ಟ) ಸಿಗ್ನಲ್ ಯಾವುದಾದರೂ ಉಳಿದಿದೆಯಾ ನೋಡಿ. ಡೆಸ್ಕ್‌ನಲ್ಲಿ ಒಬ್ಬರು ಡ್ರಮ್ ಲೆವೆಲ್ ಮೇಲೆ ಕಣ್ಣಿಟ್ಟಿರಲಿ, ಫೀಡ್ ವಾಟರ್ ವಾಲ್ವ್ ಹತ್ತಿರ ಒಬ್ಬರು ವಾಕಿಟಾಕಿ ಹಿಡಿದು ನಿಂತಿರಲಿ. ಆಮೇಲೆ ಮಾಸ್ಟರನ್ನು ಸ್ಟಾಪ್ ಮಾಡಿ. ಸ್ಟ್ಯಾಂಡ್‌ಬೈ ಎತ್ತಿಕೊಳ್ಳಬೇಕು, ವಾಲ್ವ್ ಅಲುಗಾಡಬಾರದು. ಹತ್ತು ನಿಮಿಷ ಹಾಗೇ ಓಡಿಸಿ, ನಿಲ್ಲಿಸಿದ ಸಿಪಿಯುವನ್ನು ಮತ್ತೆ ಸೇರಿಸಿ, ಅಪ್‌ಡೇಟ್ ಮುಗಿದ ಮೇಲೆ ಆ ಕಡೆಯಿಂದ ಈ ಕಡೆಗೂ ಒಂದು ಸಲ ಮಾಡಿ.

ಪಿಎಲ್‌ಸಿ ಸರಿಯಾಗಿ ಬದಲಾಗಿ, ಸ್ಕಾಡಾ ಸ್ಕ್ರೀನ್ ಮಾತ್ರ ನಿಂತುಬಿಡುವುದು ಈ ಪರೀಕ್ಷೆಯಲ್ಲಿ ಜಾಸ್ತಿ ಸಿಗುವ ದೋಷ. ಸರ್ವರ್‌ನ ಕನೆಕ್ಷನ್ನನ್ನು ಒಂದೇ ಸಿಪಿಯುಗೆ ಕೊಟ್ಟಿರುತ್ತಾರೆ. ಬಾಯ್ಲರ್ ಓಡುತ್ತಿರುತ್ತದೆ, ಆಪರೇಟರ್‌ಗೆ ಮಾತ್ರ ಏನೂ ಕಾಣುವುದಿಲ್ಲ. ಅದಕ್ಕೇ ಪರೀಕ್ಷೆ ಮಾಡುವಾಗ ಗೇಜ್ ಗ್ಲಾಸ್ ಹತ್ತಿರವೂ ಒಬ್ಬರು ಇರಬೇಕು.

ಅಲಾರಂ ಪಟ್ಟಿಯಲ್ಲಿ ರಿಡಂಡೆನ್ಸಿ ಲಾಸ್ ಎಲ್ಲಿ ಕೂತಿದೆ ಅಂತಲೂ ಅವತ್ತೇ ನೋಡಿಬಿಡಿ. ಬಗಾಸ್ ಫೀಡರ್‌ನ ದಿನಕ್ಕೆ ನೂರು ಸಲ ಬರುವ ಅಲಾರಂ ಜೊತೆ ಅದೇ ಬಣ್ಣದಲ್ಲಿ ಕೂತಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ನಾನು ಇದಕ್ಕೆ ಬೇರೆ ಸದ್ದು ಕೊಡಿಸುತ್ತೇನೆ, ಅಕ್ನಾಲೆಡ್ಜ್ ಮಾಡಿದರೂ ದೋಷ ಇರುವ ತನಕ ಪ್ರತಿ ಶಿಫ್ಟ್ ಶುರುವಿನಲ್ಲಿ ಮತ್ತೆ ಕೂಗುವ ಹಾಗೆ ಮಾಡಿಸುತ್ತೇನೆ. ರಿಪೇರಿಗೆ ನನ್ನ ಗಡುವು ಒಂದು ಶಿಫ್ಟ್. ಬಿಡಿಭಾಗ ಇಲ್ಲದೆ ತಡವಾದರೆ ಕಾರ್ಖಾನೆಯ ಮುಖ್ಯಸ್ಥರ ಸಹಿ ಬೇಕು, ಎಷ್ಟು ದಿನ ಒಂಟಿ ಸಿಪಿಯು ಮೇಲೆ ಓಡಿಸುತ್ತೇವೆ ಅಂತ ಅವರಿಗೂ ಗೊತ್ತಿರಲಿ.

ಕೊನೆಗೆ ಪ್ಯಾನೆಲ್ ಬಾಗಿಲಿನ ಒಳಗೆ ಒಂದು ಹಾಳೆ ಅಂಟಿಸಿ. ಚೇಂಜ್‌ಓವರ್ ಮಾಡಿದ ತಾರೀಖು, ಯಾವ ಕಡೆಯಿಂದ ಯಾವ ಕಡೆಗೆ, ಯಾವ ವಾಲ್ವ್ ಅಲುಗಾಡಿತು, ಎರಡು ಎಸ್‌ಎಂಪಿಎಸ್‌ಗಳ ಕರೆಂಟ್ ಎಷ್ಟಿತ್ತು, ಈಗ ಮಾಸ್ಟರ್ ಯಾವುದು. ಅಂಟಿಸುವಾಗ ಬಾಗಿಲು ಪೂರ್ತಿ ತೆರೆದು, ಕೀಲಿನ ಹತ್ತಿರ ಫೈಬರ್ ಎಳೆಯುತ್ತಿದೆಯಾ ಅಂತ ಒಂದು ಸಲ ಟಾರ್ಚ್ ಹಾಕಿ ನೋಡಿ.